ಜ್ವರ ಯಾರಿಗೆ?

ಪಠ್ಯಪುಸ್ತಕದಲ್ಲಿದ್ದ ಹುಲಿಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹುಲ್ಲನ್ನು ಜಿಂಕೆ ತಿನ್ನುತ್ತದೆ, ಜಿಂಕೆಯನ್ನು ಹುಲಿ ತಿನ್ನುತ್ತದೆ, ಇದಕ್ಕೆ ಆಹಾರ ಸರಪಳಿ ಎನ್ನುತ್ತಾರೆ ಎಂದು ಬರೆದು, ಪಕ್ಕದಲ್ಲಿ ಬೆಕ್ಕಿಗೆ ಪಟ್ಟೆ ಬಳಿದಂಥ ಒಂದು ಚಿತ್ರ ಅಚ್ಚು ಹಾಕಿದ್ದರು. ನಾನು ಮುಳಬಾಗಿಲಿನ ಹೈಸ್ಕೂಲೊಂದರಲ್ಲಿ ಜೀವಶಾಸ್ತ್ರ ಹೇಳುತ್ತಿದ್ದೆ. ನನ್ನ ಮುಂದೆ ಕೂರುತ್ತಿದ್ದ ಮಕ್ಕಳಲ್ಲಿ ಹುಲಿ ಹಾಗಿರಲಿ, ಜಿಂಕೆ ಕಂಡವರೂ ಇರಲಿಲ್ಲ. ಅವರು ಬಲ್ಲದ್ದು ಹಿಪ್ಪುನೇರಳೆ, ರೇಷ್ಮೆಹುಳು, ಇರುವೆ, ಕೋಳಿ, ತಿಪ್ಪೆ. ಹಾಗಾಗಿ ಹುಲಿಯನ್ನು ಅತ್ತ ಅಟ್ಟಿ, ಬೋರ್ಡಿನ ಮೇಲೆ ಹಿಪ್ಪುನೇರಳೆ ಗಿಡ ಬರೆಯುತ್ತಿದ್ದೆ. ಗಿಡ ಮಣ್ಣಿನಿಂದ ನೀರನ್ನೂ ಲವಣವನ್ನೂ ಎಳೆದುಕೊಂಡು, ಬಿಸಿಲನ್ನೇ ಒಲೆ ಮಾಡಿಕೊಂಡು ತನ್ನ ಅಡುಗೆ ತಾನು ಮಾಡಿಕೊಳ್ಳುತ್ತದೆ. ಹುಳುವಿಗೆ ಅಡುಗೆ ಬರುವುದಿಲ್ಲ, ಅದು ಗಿಡವನ್ನು ತಿನ್ನುತ್ತದೆ. ಗಿಡದಿಂದ ಹುಳುವಿಗೆ ಒಂದು ಬಾಣ. ಹುಳುವಿನ ಹಿಕ್ಕೆಯಿಂದ ತಿಪ್ಪೆಗೆ ಒಂದು ಬಾಣ. ತಿಪ್ಪೆಯಿಂದ ಮತ್ತೆ ಮಣ್ಣಿಗೆ ಒಂದು. ಮಕ್ಕಳು ಚೆನ್ನಾಗಿ ಬರೆದುಕೊಳ್ಳುತ್ತಿದ್ದರು. ನನಗೆ ಮಾತ್ರ ಪ್ರತಿ ವರ್ಷ ಈ ಪಾಠ ಬಂದಾಗ ಕದಿರಮ್ಮ ನೆನಪಾಗುತ್ತಿದ್ದಳು. ಆ ಬಾಣಗಳ ನಡುವೆ ಅವಳನ್ನು ಎಲ್ಲಿ ಬರೆಯಬೇಕು ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.

ಕದಿರಮ್ಮ ನಮ್ಮ ಪಕ್ಕದ ಮನೆಯವಳು. ಊರು ಆವನಿ ಬೆಟ್ಟದ ಹಿಂಬದಿಗೆ, ಬಸ್ಸು ಇಳಿದು ರಾಗಿ ಹೊಲಗಳ ನಡುವೆ ನಡೆದು ಹೋಗಬೇಕು. ಅವಳನ್ನು ಶ್ರೀನಿವಾಸಪುರದ ಕಡೆ ಮಾವಿನ ತೋಪಿನ ಊರೊಂದಕ್ಕೆ ಕೊಟ್ಟಿದ್ದರು. ಗಂಡ ಹಾವು ಕಚ್ಚಿ ಸತ್ತ. ಮಕ್ಕಳಿರಲಿಲ್ಲ. ಅಪ್ಪ ಕೊಂಡಪ್ಪ ಹೋಗಿ ಮಗಳನ್ನು ಕರೆದುಕೊಂಡು ಬಂದ. ಆಗ ಅವಳ ತಮ್ಮ ವೆಂಕಟರಮಣಪ್ಪ ಮೂಗು ಸುರಿಸಿಕೊಂಡು ಓಡಾಡುವ ವಯಸ್ಸಿನವನು, ತಾಯಿ ಇಲ್ಲದವನು. ಕದಿರಮ್ಮ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಊದಿ, ಅವನ ಬಾಯಿಗಿಟ್ಟು ಬೆಳೆಸಿದಳು. ಇದನ್ನು ಅವಳು ಯಾವತ್ತೂ ಬಾಯಿಬಿಟ್ಟು ಹೇಳಿದವಳಲ್ಲ. ನನಗೆ ಹೇಳಿದ್ದು ನಮ್ಮಮ್ಮ ಅಶ್ವತ್ಥಮ್ಮ. ನಮ್ಮಮ್ಮನಿಗೆ ಊರಿನ ಎಲ್ಲರ ಲಗ್ನ, ಸೂತಕ, ಜಗಳ ಬಾಯಿಪಾಠ.

ಎಪ್ಪತ್ತರ ದಶಕದ ಮೊದಲಿಗೆ ವೆಂಕಟರಮಣಪ್ಪ ಬಾವಿ ತೋಡಿಸಿ, ನೀರು ಬಿದ್ದ ಮೇಲೆ ರಾಗಿ ಹೊಲದ ಒಂದು ಭಾಗಕ್ಕೆ ಹಿಪ್ಪುನೇರಳೆ ಹಾಕಿದ. ಮನೆಯ ಮಗ್ಗುಲಿಗೆ ಹೆಂಚಿನ ಉದ್ದ ಕೋಣೆಯೊಂದನ್ನು ಎಬ್ಬಿಸಿದ. ಅದಕ್ಕೆ ನಾವು ಹುಳದ ಮನೆ ಎನ್ನುತ್ತೇವೆ. ಒಳಗೆ ಅಂಕಣಗಳು, ಎಂದರೆ ಕಾಲುಳ್ಳ ಬಿದಿರಿನ ಅಟ್ಟಣಿಗೆಗಳು, ಅಂಕಣದ ಮೇಲೆ ಸಾಲಾಗಿ ಬಿದಿರು ತಟ್ಟೆಗಳು, ತಟ್ಟೆಯ ತುಂಬ ಹುಳು. ಇರುವೆ ಹತ್ತದಿರಲಿ ಎಂದು ಅಂಕಣದ ಒಂದೊಂದು ಕಾಲನ್ನೂ ನೀರಿನ ಬಟ್ಟಲಲ್ಲಿ ನಿಲ್ಲಿಸಿರುತ್ತಾರೆ. ಆ ಮನೆ ಕಟ್ಟಿದ ವರ್ಷವೇ ವೆಂಕಟರಮಣಪ್ಪನಿಗೆ ನಂಗಲಿಯ ಕಡೆಯ ಆಂಜಿನಮ್ಮನ ಜೊತೆ ಮದುವೆಯಾಯಿತು. ಹೊಸ ಹೆಂಡತಿ ಅಡುಗೆಮನೆಗೆ ಬಂದಳು, ಅಕ್ಕ ಹುಳದ ಮನೆಗೆ ಹೋದಳು. ಯಾರೂ ಹೋಗು ಎನ್ನಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ. ಚಾಪೆ, ದಿಂಬು, ಒಂದು ಕಂಬಳಿ ಆಚೆಯಿಂದ ಈಚೆಗೆ ಬಂದವು, ಅಷ್ಟೆ.

ರೇಷ್ಮೆಹುಳು ಸಾಕಿದವರಿಗೆ ಗೊತ್ತು, ಅದರಂಥ ಹಠದ ಅತಿಥಿ ಇನ್ನೊಂದಿಲ್ಲ. ಅದಕ್ಕೆ ಹಿಪ್ಪುನೇರಳೆ ಬಿಟ್ಟು ಬೇರೆ ಎಲೆ ಆಗುವುದಿಲ್ಲ. ಒದ್ದೆ ಸೊಪ್ಪು ಆಗುವುದಿಲ್ಲ, ಬಾಡಿದ ಸೊಪ್ಪು ಆಗುವುದಿಲ್ಲ. ಹೊಗೆಸೊಪ್ಪಿನ ವಾಸನೆ ತಾಕಿದರೆ ಒದ್ದಾಡಿ ಸಾಯುತ್ತದೆ. ಕದಿರಮ್ಮನಿಗೆ ಎಲೆಅಡಿಕೆಯ ಜೊತೆ ಚೂರು ಹೊಗೆಸೊಪ್ಪು ಹಾಕಿಕೊಳ್ಳುವ ಚಟವಿತ್ತು, ಅದನ್ನು ಬಿಟ್ಟಳು. ಸಾವಿನ ಮನೆಗೆ ಹೋಗಿಬಂದವರು ಹುಳದ ಮನೆಗೆ ಕಾಲಿಡುವಂತಿಲ್ಲ, ಹಾಗಾಗಿ ಅವಳು ಸಾವಿಗೆ ಹೋಗುವುದನ್ನು ಬಿಟ್ಟಳು. ಹೊರಗಿನವರು ಒಳಗೆ ಬರುವಂತಿಲ್ಲ, ಹಾಗಾಗಿ ಅವಳ ಬಳಿಗೂ ಯಾರೂ ಬರುವುದನ್ನು ಬಿಟ್ಟರು. ನಾನು ಶನಿವಾರ ಮುಳಬಾಗಿಲಿನಿಂದ ಊರಿಗೆ ಬಂದಾಗ ಅವಳನ್ನು ಮಾತಾಡಿಸುವುದಕ್ಕೆ ಬಾವಿಯ ಹತ್ತಿರವೇ ಕಾಯಬೇಕಾಗಿತ್ತು.

ಹುಳು ಹುಟ್ಟಿ ಗೂಡು ಕಟ್ಟುವವರೆಗೆ ನಾಲ್ಕು ಸಲ ಚರ್ಮ ಕಳಚುತ್ತದೆ. ಕಳಚುವ ಮೊದಲು ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು, ಕದಲದೆ ಕೂರುತ್ತದೆ. ಪುಸ್ತಕದಲ್ಲಿ ಇದಕ್ಕೆ ದೊಡ್ಡ ಹೆಸರಿದೆ, ನಮ್ಮ ಕಡೆ ಮಾತ್ರ ಜ್ವರ ಎನ್ನುತ್ತೇವೆ. ಒಂದನೇ ಜ್ವರ, ಎರಡನೇ ಜ್ವರ, ಮೂರನೇದು, ನಾಲ್ಕನೇದು. ಜ್ವರ ಬಂತು ಎಂದರೆ ಮನೆಯವರಿಗೆ ಬಿಡುವು ಬಂತು ಎಂದೇ ಅರ್ಥ. ಸೊಪ್ಪು ಕೊಯ್ಯುವಂತಿಲ್ಲ, ಹಾಕುವಂತಿಲ್ಲ, ಹುಳುವನ್ನು ಮುಟ್ಟುವಂತೆಯೂ ಇಲ್ಲ. ಜ್ವರ ಎದ್ದ ಮೇಲೆ ಮಾತ್ರ ಅದರ ಹಸಿವು ನೋಡಬಾರದು. ಒಂದೊಂದು ಜ್ವರಕ್ಕೂ ಹಸಿವು ದೊಡ್ಡದಾಗುತ್ತ ಹೋಗುತ್ತದೆ, ತಟ್ಟೆಗಳಿಂದ ಚರಚರ ಎಂದು ಮೇಯುವ ಸದ್ದು ಬಾಗಿಲಾಚೆಗೂ ಕೇಳುತ್ತದೆ. ಅಷ್ಟು ತಿಂದರೂ ಬಹುಪಾಲು ಹಿಕ್ಕೆಯಾಗಿ ಬೀಳುತ್ತದೆ, ಇನ್ನಷ್ಟು ಉಸಿರಾಡುವುದಕ್ಕೇ ಖರ್ಚಾಗುತ್ತದೆ, ಉಳಿದ ಚೂರು ಮೈಯಾಗುತ್ತದೆ, ನೂಲಾಗುತ್ತದೆ. ಎಲ್ಲ ಜೀವಗಳ ಹಣೆಬರಹವೂ ಇದೇ. ಕೆಳಗಿನವರು ಮೊರದಷ್ಟು ಕೊಟ್ಟರೆ ಮೇಲಿನವರಿಗೆ ದಕ್ಕುವುದು ಹಿಡಿಯಷ್ಟು.

ಆ ಮೊರವನ್ನು ಹೊರುವವಳು ಕದಿರಮ್ಮ. ಬೆಳಿಗ್ಗೆ ತಟ್ಟೆಯ ಕಸ ತೆಗೆದು, ಹಿಕ್ಕೆ ಬೇರೆ, ಕಡ್ಡಿ ಬೇರೆ ಮಾಡಿ, ಕಡ್ಡಿಯನ್ನು ಹಸುವಿನ ಮುಂದೆ ಸುರಿದು, ಹಿಕ್ಕೆಯನ್ನು ತಿಪ್ಪೆಗೆ ಹಾಕುವಳು. ಗೂಡು ಮಾರಾಟಕ್ಕೆ ಕೋಲಾರದ ಕಡೆಗೋ ಶಿಡ್ಲಘಟ್ಟಕ್ಕೋ ಹೋಗುತ್ತಿತ್ತು. ಅದರ ಜೊತೆ ನಮ್ಮ ಮಣ್ಣಿನ ಸಾರವೂ ಅಷ್ಟಿಷ್ಟು ಬಸ್ಸು ಹತ್ತಿ ಹೋಗುತ್ತಿತ್ತು. ಹೊಲಕ್ಕೆ ವಾಪಸ್ಸು ಬರುತ್ತಿದ್ದದ್ದು ಕದಿರಮ್ಮನ ತಲೆಯ ಮೇಲಿನ ಬುಟ್ಟಿಯಲ್ಲಿದ್ದದ್ದು ಮಾತ್ರ.

ಒಂದು ಭಾನುವಾರ ಬಾವಿಕಟ್ಟೆಯ ಮೇಲೆ ಕೂತಿದ್ದಾಗ ಅವಳು ಕೇಳಿದಳು.

“ಅಲ್ಲ ಕಣೇ ಅನಸೂಯ, ಎಲ್ರೂ ಉಂಡಾದ್ಮೇಲೆ ಕೊನೇಗೆ ಉಣ್ಣೋ ಪ್ರಾಣಿ ಯಾವ್ದು ಅಂತೈತೆ ನಿನ್ ಬುಕ್ಕಲ್ಲಿ?”

“ಕೊಳೆತಿನಿ ಅಂತಾರೆ ಕದಿರಕ್ಕ. ಅಣಬೆ, ಬೂಷ್ಟು, ಕಣ್ಣಿಗೆ ಕಾಣ್ದೇ ಇರೋ ಕ್ರಿಮಿಗಳು. ತಿಪ್ಪೇಲಿರ್ತವೆ.”

“ಅಂಗಾದ್ರೆ ನಾನೇ ಬಿಡು!” ಎಂದು ನಕ್ಕಳು.

ನಾನು ಮೇಷ್ಟ್ರಗಿರಿ ಬಿಡುವವಳಲ್ಲ. “ನಗಬೇಡ. ಅವು ಇಲ್ದಿದ್ರೆ ಕಸ ಕಸವಾಗೇ ಇರುತ್ತೆ. ಗೊಬ್ಬರ ಆಗಲ್ಲ, ಗಿಡಕ್ಕೆ ಊಟ ಇಲ್ಲ, ಗಿಡ ಇಲ್ದಿದ್ರೆ ಹುಳ ಇಲ್ಲ,” ಎಂದೆ.

“ಆಗ್ಲಿ. ಅವನ್ನ ಯಾರಾದ್ರೂ ಉಂಡ್ಯಾ ಅಂತ ಕೇಳ್ತಾರಾ?”

ಆಗ ನನಗೆ ಗೊತ್ತಾಯಿತು, ಈ ಹೆಂಗಸಿಗೆ ಬೇಕಾಗಿರುವುದು ಏನು ಎಂದು. ಆಂಜಿನಮ್ಮ ಊಟ ಹಾಕುತ್ತಿರಲಿಲ್ಲ ಎಂದಲ್ಲ. ಎಲ್ಲರದ್ದೂ ಮುಗಿದ ಮೇಲೆ ತಟ್ಟೆಯಲ್ಲಿ ಮುದ್ದೆ, ಸಾರು ಹುಳದ ಮನೆಯ ಹೊಸಲಿಗೆ ಬರುತ್ತಿತ್ತು. ಆದರೆ ವೆಂಕಟರಮಣಪ್ಪ ಹೊಲದಿಂದ ಬಂದವನೇ ಬಾಗಿಲಲ್ಲಿ ನಿಂತು “ಹುಳ ಉಂಡ್ವಾ?” ಎಂದು ಕೇಳುತ್ತಿದ್ದ. ದಿನಕ್ಕೆ ಎಷ್ಟು ಸಲವೋ. ಅವನ ಬಾಯಿಗೆ ತುತ್ತಿಟ್ಟವಳು ಅದೇ ಬಾಗಿಲಿನ ಒಳಗೆ ನಿಂತು “ಉಂಡ್ವು” ಎನ್ನುತ್ತಿದ್ದಳು. ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಬೈದುಕೊಂಡು ಸುಮ್ಮನಾಗಬಹುದಿತ್ತು. ಅವನಿಗೆ ಅಕ್ಕ ಆ ಕೋಣೆಯ ಕಂಬದಂತೆ ಆಗಿಹೋಗಿದ್ದಳು, ಇದ್ದಾಳೆ ಎನ್ನುವುದಷ್ಟೇ ಲೆಕ್ಕ.

“ಬಿಟ್ಟು ಬಂದ್ಬಿಡು ಮುಳಬಾಗಿಲಿಗೆ, ನನ್ನ ರೂಮಲ್ಲಿರು,” ಎಂದು ನಾನು ಒಂದೆರಡು ಸಲ ಸಿಟ್ಟಿನಿಂದ ಹೇಳಿದ್ದುಂಟು.

“ಹುಳಕ್ಕೆ ಬೇರೆ ಎಲೆ ಗೊತ್ತಿಲ್ಲ, ನಂಗೆ ಬೇರೆ ಮನೆ ಗೊತ್ತಿಲ್ಲ ಕಣೇ,” ಎಂದಳು. ಅಳಲಿಲ್ಲ. ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಹೊರಟಳು.

ಎಂಬತ್ತು ಹುಟ್ಟಿದ ಮೇಲೆ ಊಜಿ ನೊಣ ಬಂತು. ಅದುವರೆಗೆ ನಮ್ಮ ಸೀಮೆಯಲ್ಲಿ ಅದರ ಹೆಸರನ್ನೂ ಕೇಳಿದವರಿರಲಿಲ್ಲ. ನೋಡಲು ಮನೆಯ ನೊಣಕ್ಕಿಂತ ಸ್ವಲ್ಪ ದಪ್ಪ. ಹುಳುವಿನ ಮೈಮೇಲೆ ಕೂತು ಒಂದು ಮೊಟ್ಟೆ ಇಟ್ಟು ಹಾರಿಹೋಗುತ್ತದೆ. ಮೊಟ್ಟೆ ಒಡೆದ ಮರಿ ಹುಳುವಿನ ಒಳಗೆ ಹೊಗುತ್ತದೆ, ಹೊಕ್ಕ ಜಾಗದಲ್ಲಿ ಒಂದು ಕಪ್ಪು ಚುಕ್ಕೆ. ಅಲ್ಲಿಂದ ಮುಂದೆ ಹುಳು ತಿನ್ನುವುದೆಲ್ಲ ಅದಕ್ಕೆ. ಹುಳುವಿಗೆ ಮಾತ್ರ ತಾನೇ ಉಣ್ಣುತ್ತಿದ್ದೇನೆ ಎಂಬ ಭ್ರಮೆ. ಕೊನೆಗೆ ಗೂಡು ಕಟ್ಟಿದರೂ ಊಜಿಯ ಮರಿ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬೀಳುತ್ತದೆ. ತೂತಾದ ಗೂಡಿನಿಂದ ನೂಲು ಬರುವುದಿಲ್ಲ. ಬೋರ್ಡಿನ ಮೇಲೆ ಪರಾವಲಂಬಿ ಎಂದು ಬರೆದು ಇದನ್ನು ವಿವರಿಸಿದ ದಿನ ತರಗತಿಯಲ್ಲಿ ಒಂದು ಪಿಸುಮಾತೂ ಇರಲಿಲ್ಲ. ಆ ವರ್ಷ ಎಷ್ಟೋ ಮಕ್ಕಳ ಮನೆಯಲ್ಲಿ ಬೆಳೆ ಹೋಗಿತ್ತು.

ವೆಂಕಟರಮಣಪ್ಪನ ಮನೆಯಲ್ಲೂ ಒಂದರ ಮೇಲೊಂದು ಬೆಳೆ ಹೋಯಿತು. ಆಂಜಿನಮ್ಮ ಬಸುರಿ, ಕಂಕುಳಲ್ಲಿ ಇನ್ನೊಂದು ಮಗು, ಒಲೆ, ದನ, ಸೊಪ್ಪು, ಎಲ್ಲದರ ನಡುವೆ ನುಗ್ಗಾಗಿದ್ದಳು. ತೂತಾದ ಗೂಡುಗಳನ್ನು ಬುಟ್ಟಿಯಲ್ಲಿ ತಂದು ಅಂಗಳಕ್ಕೆ ಸುರಿದ ದಿನ ಅವಳ ಬಾಯಿಂದ ಆ ಮಾತು ಬಂತು.

“ಒಳಗಿನ ಊಜಿ ಹೋಗೋವರ್ಗೂ ಹೊರಗಿನ ಊಜಿ ಎಲ್ಲೋಗುತ್ತೆ!”

ನಮ್ಮ ಜಗಲಿಗೆ ಸ್ಪಷ್ಟವಾಗಿ ಕೇಳಿಸಿತು. ಕದಿರಮ್ಮ ಅಂಗಳದಲ್ಲೇ ಕೂತು, ಚೆನ್ನಾಗಿರುವ ಗೂಡುಗಳನ್ನು ಆರಿಸುತ್ತಿದ್ದಳು. ಕೈ ಒಂದು ಗಳಿಗೆ ನಿಂತಿತು, ಮತ್ತೆ ಆರಿಸತೊಡಗಿತು. ವೆಂಕಟರಮಣಪ್ಪ ಹೆಂಡತಿಗೆ “ಊರ್ಕೋವೇ” ಎಂದು ತೆಲುಗಿನಲ್ಲಿ ಗದರಿದ. ಸುಮ್ಮನಿರೇ ಎಂದು ಹೆಂಡತಿಗೆ ಹೇಳಿದನೇ ಹೊರತು ಅಕ್ಕನಿಗೆ ಏನೂ ಹೇಳಲಿಲ್ಲ. ನನಗೆ ಹೋಗಿ ಇಬ್ಬರಿಗೂ ಉಗಿದು ಬರಬೇಕು ಅನ್ನಿಸಿತು. ನಮ್ಮಮ್ಮ ಸೆರಗು ಹಿಡಿದು ಕೂರಿಸಿದಳು.

ಆಮೇಲೆ ನೈಲಾನ್ ಪರದೆ ಬಂತು. ಕಿಟಕಿಗೆ, ಬಾಗಿಲಿಗೆ, ಸೂರಿನ ಸಂದಿಗೆಲ್ಲ ಪರದೆ ಹೊಡೆದು, ನೊಣ ನುಸುಳದ ಹಾಗೆ ಮಾಡಬೇಕು. ಬಾಗಿಲು ಸುಮ್ಮನೆ ತೆಗೆಯಬಾರದು, ತೆಗೆದರೂ ಥಟ್ಟನೆ ಮುಚ್ಚಬೇಕು. ಬೆಳೆ ಉಳಿಯಿತು. ಆದರೆ ಮೊದಲು ಬಾಗಿಲಲ್ಲಾದರೂ ಕಾಣುತ್ತಿದ್ದ ಕದಿರಮ್ಮ ಈಗ ಪರದೆಯ ಹಿಂದಿನ ಮಬ್ಬು ಆಕಾರವಾದಳು. ಊಟದ ತಟ್ಟೆಯನ್ನು ಪರದೆಯ ಆಚೆ ಇಟ್ಟು ಕೂಗಿ ಹೋಗುತ್ತಿದ್ದರು. ನೊಣ ಹಾರಾಡದ ಹೊತ್ತು ನೋಡಿ ಅವಳು ಬಾಗಿಲು ಸರಿಸಿ ಎಳೆದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಮುದ್ದೆ ಆರಿ ಕಲ್ಲಾಗಿರುತ್ತಿತ್ತು.

ಮಾರನೆಯ ವರ್ಷ ಮಾಘದಲ್ಲಿ ಆಂಜಿನಮ್ಮನ ತಮ್ಮನಿಗೆ ನಂಗಲಿಯಲ್ಲಿ ಮದುವೆ ಗೊತ್ತಾಯಿತು. ಹುಳು ಮೂರನೇ ಜ್ವರ ಎದ್ದು ಜೋರಾಗಿ ಮೇಯುತ್ತಿದ್ದ ಸಮಯ. ಮನೆಮಂದಿಯೆಲ್ಲ ಹೊರಟರು. ಸೊಪ್ಪು ಕೊಯ್ದು ತಂದು ಹಾಕಲು ಆಳು ಮುನಿಯಲ್ಲಪ್ಪ ಇದ್ದ, ಊಟಕ್ಕೆ ಕದಿರಮ್ಮನಿಗೆ ಅವಲಕ್ಕಿ, ಹುರಿಹಿಟ್ಟು ಇಟ್ಟಿದ್ದರು. ನಾಲ್ಕನೇ ಜ್ವರಕ್ಕೆ ಹುಳು ಕೂತುಬಿಟ್ಟರೆ ಒಂದು ದಿನ ಹೆಚ್ಚಿಗೇ ನೆಂಟರ ಮನೆಯಲ್ಲಿ ಉಳಿಯಬಹುದು ಎಂದು ವೆಂಕಟರಮಣಪ್ಪನ ಎಣಿಕೆ.

ಅವರು ಹೋದ ಮೇಲೆ ಕದಿರಮ್ಮನಿಗೆ ಮೈ ಬೆಚ್ಚಗಾಯಿತು. ಮಾರನೆಯ ಬೆಳಿಗ್ಗೆ ಎದ್ದು ನಿಲ್ಲಲಾಗದಷ್ಟು ಚಳಿಜ್ವರ. ಮುನಿಯಲ್ಲಪ್ಪ ಸೊಪ್ಪಿನ ಮೂಟೆ ತಂದು ಪರದೆಯ ಹತ್ತಿರ ಇಳಿಸಿದಾಗ ಅವಳು ಒಳಗಿಂದಲೇ ಹೇಳಿದಳು.

“ಮುನಿಯಲ್ಲಪ್ಪ, ಜ್ವರ ಬಂದೈತೆ. ನಮ್ ಯಂಕಟ್ರಮಣನಿಗೆ ಒಂದು ಮಾತು ತಿಳಿಸ್ಬೇಕಲ್ಲಪ್ಪ.”

“ಅದಕ್ಕೇನಕ್ಕ, ನಾನೇ ಹೋಗಿ ಹೇಳ್ತೀನಿ!” ಎಂದ ಅವನು.

ಅವನ ಉತ್ಸಾಹವನ್ನು ಅವಳು ತನ್ನ ಮೇಲಿನ ಅಕ್ಕರೆ ಎಂದುಕೊಂಡಳು. ಪಾಪ, ಮುನಿಯಲ್ಲಪ್ಪನ ತಪ್ಪೇನು? ನಮ್ಮ ಸೀಮೆಯಲ್ಲಿ ಹುಳದ ಮನೆಯ ಒಳಗಿಂದ ಜ್ವರ ಬಂತು ಎಂದು ಕೂಗಿದರೆ ಅದಕ್ಕೆ ಇರುವುದು ಒಂದೇ ಅರ್ಥ. ಸೊಪ್ಪು ಬೇಡ, ಕೆಲಸ ಇಲ್ಲ, ಮೇಲಾಗಿ ಸುದ್ದಿ ಮುಟ್ಟಿಸುವ ನೆಪದಲ್ಲಿ ಮದುವೆ ಊಟ. ಅವನು ಕುಡುಗೋಲನ್ನು ನಮ್ಮ ಜಗಲಿಗೆ ಒರಗಿಸಿ, ನಮ್ಮಮ್ಮನಿಗೂ ಜ್ವರದ ವಿಷಯ ಹೇಳಿ, ಹೆದ್ದಾರಿಗೆ ಹೋಗಿ ಲಾರಿ ಹತ್ತಿದ. ನಂಗಲಿಯ ಚಪ್ಪರದಲ್ಲಿ ಅವನು “ಜ್ವರ ಬಂದೈತಂತೆ” ಎಂದಾಗ ವೆಂಕಟರಮಣಪ್ಪನಿಗೆ ಬಲು ಖುಷಿಯಾಯಿತಂತೆ. ಸದ್ಯ, ಸರಿಯಾದ ಹೊತ್ತಿಗೆ ಬಂತು ಎಂದು ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡು ಹೋಳಿಗೆ ಬಡಿಸಿದನಂತೆ.

ಇತ್ತ ಕದಿರಮ್ಮ ಕಾಯುತ್ತಿದ್ದಳು. ತಮ್ಮ ಬರುತ್ತಾನೆ, ಬಸ್ಸು ಇಳಿದು ನಡೆದು ಬರುವಷ್ಟು ಹೊತ್ತು ತಾನೆ ಎಂದುಕೊಂಡಿದ್ದಳು. ಹುಳುವಿಗೆ ಜ್ವರವೂ ಇಲ್ಲ, ಗಿರವೂ ಇಲ್ಲ. ಅವು ತಲೆ ಆಡಿಸಿಕೊಂಡು ಸೊಪ್ಪು ಹುಡುಕುತ್ತಿದ್ದವು. ಇದ್ದ ಮೂಟೆಯನ್ನು ಕುಳಿತೇ ಎಳೆದುಕೊಂಡು, ಒಂದೊಂದು ತಟ್ಟೆಗೂ ಇಷ್ಟಿಷ್ಟು ಹರಡಿದಳು. ಹುರಿಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆಯಲು ಅವಳ ಕೈಯಲ್ಲಿ ಶಕ್ತಿ ಇರಲಿಲ್ಲ. ಇದನ್ನೆಲ್ಲ ಅವಳು ಆಮೇಲೆ ನಗುತ್ತಲೇ ಹೇಳಿದಳು. ನನಗೆ ನಗು ಬರಲಿಲ್ಲ.

ಅದು ಶನಿವಾರ. ನಾನು ಮಧ್ಯಾಹ್ನದ ಬಸ್ಸಿಗೆ ಬಂದೆ. “ಹುಳ ಜ್ವರಕ್ಕೆ ಕೂತವಂತೆ. ಕದಿರಿ ಒಂದಿಷ್ಟು ಮಲಗಿರ್ಲಿ, ಹೋಗಿ ಎಬ್ಬಿಸ್ಬೇಡ,” ಎಂದಳು ಅಮ್ಮ. ನಾನೂ ಹೂಂ ಎಂದು ಕಾಲು ತೊಳೆಯಲು ಹಿತ್ತಿಲಿಗೆ ಹೋದೆ. ಹಿತ್ತಿಲ ಗೋಡೆಯ ಆಚೆಗೇ ಹುಳದ ಮನೆ. ಚೊಂಬು ಬಗ್ಗಿಸುವಾಗ ಸದ್ದು ಕೇಳಿಸಿತು. ಚರಚರ, ಚರಚರ. ಹುಳು ಮೇಯುತ್ತಿದ್ದವು.

ಜ್ವರಕ್ಕೆ ಕೂತ ಹುಳು ಮೇಯುವುದಿಲ್ಲ.

ಚೊಂಬನ್ನು ಅಲ್ಲೇ ಬಿಟ್ಟು ಓಡಿದೆ. ಪರದೆ ಸರಿಸಿ ಒಳಗೆ ಹೋದೆ. ಕದಿರಮ್ಮ ಅಂಕಣದ ಬುಡಕ್ಕೆ ಒರಗಿ ಬಿದ್ದಿದ್ದಳು, ಮಡಿಲಲ್ಲಿ ಸೊಪ್ಪು. ಕೆಳಗಿನ ತಟ್ಟೆಗಳಿಗೆ ಮಾತ್ರ ಎಲೆ ಬಿದ್ದಿತ್ತು. ಮೇಲಿನ ತಟ್ಟೆಗಳು ಬರಿದಾಗಿದ್ದವು, ಅಲ್ಲಿಗೆ ಅವಳ ಕೈ ಎಟುಕಿರಲಿಲ್ಲ. ಹಣೆ ಮುಟ್ಟಿದರೆ ಕಾದ ಹೆಂಚು.

“ಬಂದ್ಯೇನೋ ಯಂಕಟ್ರಮಣ,” ಎಂದಳು ಕಣ್ಣು ಬಿಡದೆ.

“ನಾನು ಕಣೇ ಕದಿರಕ್ಕ, ಅನಸೂಯ.”

ಅವಳ ಮುಖ ಸ್ವಲ್ಪ ಬಾಡಿತು. ಅದನ್ನು ನಾನು ನೋಡಿದೆ. ಅಮ್ಮ ಗಂಜಿ ಕಾಯಿಸಿಕೊಂಡು ಬಂದಳು. ನಾನು ಪಕ್ಕದ ಬೀದಿಯವರನ್ನು ಸೊಪ್ಪಿಗೆ ಅಟ್ಟಿದೆ. ಮುಳಬಾಗಿಲಿನಿಂದ ತಂದಿದ್ದ ಮಾತ್ರೆ ನುಂಗಿಸಿದ ಮೇಲೆ ಸಂಜೆಗೆ ಮೈ ಬೆವರಿತು.

ಭಾನುವಾರ ಬೆಳಿಗ್ಗೆ ವೆಂಕಟರಮಣಪ್ಪ ಒಬ್ಬನೇ ಬಂದ. ಮದುವೆಯ ಹೊಸ ಪಂಚೆ, ಕಿವಿಯ ಹಿಂದೆ ಅರಿಶಿನ. ಪರದೆಯ ಆಚೆ ನಿಂತು ಎಂದಿನಂತೆ ಕೂಗಿದ.

“ಅಕ್ಕಾ, ಜ್ವರ ಎದ್ವಾ?”

“ಇನ್ನೂ ಎದ್ದಿಲ್ಲ ಕಣೋ,” ಎಂದಳು ಕದಿರಮ್ಮ ಚಾಪೆಯ ಮೇಲಿಂದ.

“ಅಂಗಾದ್ರೆ ಸೊಪ್ಪು ನಾಳೆ ಸಾಕು,” ಎಂದು ತಿರುಗಿಯೇಬಿಟ್ಟ.

ಒಳಗೆ ಅವಳ ಪಕ್ಕದಲ್ಲಿ ಕೂತಿದ್ದ ನನಗೆ ನೆತ್ತಿಗೇರಿತು. “ವೆಂಕಟರಮಣಣ್ಣ! ಹುಳಕ್ಕಲ್ಲ ಜ್ವರ!” ಎಂದು ಕಿರುಚಿದೆ.

ಅವನು ನಿಂತ. ನಿಜವಾಗಿಯೂ ಅರ್ಥವಾಗದೆ ಕೇಳಿದ. “ಮತ್ತೆ ಯಾರಿಗೆ?”

ಆ ಮಾತಿನಲ್ಲಿ ಕೊಂಕಿರಲಿಲ್ಲ, ತಾತ್ಸಾರವೂ ಇರಲಿಲ್ಲ. ಹುಳದ ಮನೆಯಲ್ಲಿ ಹುಳುವನ್ನು ಬಿಟ್ಟು ಜ್ವರ ಬರುವಂಥದ್ದು ಇನ್ನೇನಿದೆ ಎಂದು ಆ ಮನುಷ್ಯನಿಗೆ ಪ್ರಾಮಾಣಿಕವಾಗಿ ಹೊಳೆಯಲಿಲ್ಲ. ತಟ್ಟೆಗಳಿಂದ ಚರಚರ ಸದ್ದು ಬರುತ್ತಿತ್ತು. ಅವನು ಸದ್ದು ಕೇಳಿಸಿಕೊಂಡ, ಪರದೆಗೆ ಮುಖವೊಡ್ಡಿ ಒಳಗೆ ನೋಡಿದ, ಚಾಪೆಯ ಮೇಲಿದ್ದ ಅಕ್ಕನನ್ನು ನೋಡಿದ. ಮುಖ ಕಪ್ಪಿಟ್ಟಿತು. ಒಳಗೆ ಬಂದು ಅವಳ ಕಾಲ ಹತ್ತಿರ ಕುಕ್ಕರಗಾಲಲ್ಲಿ ಕೂತ. ಬಾಗಿಲು ಮುಚ್ಚುವುದನ್ನೂ ಮರೆತಿದ್ದ, ನಾನೇ ಎದ್ದು ಮುಚ್ಚಿದೆ.

“ನಾನು ನಂಗಲೀಲಿ ಹೋಳಿಗೆ ತಿಂತಿದ್ದೆ,” ಎಂದ.

“ಚೆನ್ನಾಗಿತ್ತೇನೋ?” ಎಂದಳು ಅವಳು.

ಅವಳು ಚುಚ್ಚುವುದಕ್ಕೆ ಕೇಳಿದ್ದಲ್ಲ. ಅವಳಿಗೆ ಚುಚ್ಚಲು ಬರುತ್ತಿರಲಿಲ್ಲ. ಅದಕ್ಕೇ ಅವನಿಗೆ ಹೆಚ್ಚು ನಾಟಿತೋ ಏನೋ, ಎದ್ದು ಹೊರಗೆ ಹೋಗಿ ಬಹಳ ಹೊತ್ತು ಹಸುವಿನ ಹತ್ತಿರ ನಿಂತಿದ್ದ.

ಇಷ್ಟಾದ ಮೇಲೆ ಎಲ್ಲವೂ ಬದಲಾಯಿತು ಎಂದು ಬರೆಯಲು ನನಗೂ ಆಸೆ. ಬದಲಾಗಲಿಲ್ಲ. ಕದಿರಮ್ಮನ ಚಾಪೆ ಹುಳದ ಮನೆಯಲ್ಲೇ ಉಳಿಯಿತು. ಊಟ ಕೊನೆಗೇ ಬಂತು. ಆಂಜಿನಮ್ಮ ಊಜಿ ಎಂಬ ಮಾತನ್ನು ಮತ್ತೆ ಆಡಲಿಲ್ಲ, ಆಡಿದ್ದನ್ನು ವಾಪಸ್ಸು ತೆಗೆದುಕೊಳ್ಳಲೂ ಇಲ್ಲ. ಬದಲಾದದ್ದು ಒಂದೇ. ಅಂದಿನಿಂದ ಪರದೆಯ ಒಳಗಿಂದ “ಜ್ವರ ಬಂದೈತೆ” ಎಂದು ಅಕ್ಕ ಕೂಗಿದಾಗಲೆಲ್ಲ ವೆಂಕಟರಮಣಪ್ಪ ಎಲ್ಲಿದ್ದರೂ, ಕೈಯಲ್ಲಿ ಏನಿದ್ದರೂ, ನಿಂತು ಕೇಳುತ್ತಿದ್ದ.

“ಯಾರಿಗೆ?”

“ಹುಳಕ್ಕೆ ಕಣೋ,” ಎನ್ನುತ್ತಿದ್ದಳು ಅವಳು.

ಬೆಳೆಗೆ ನಾಲ್ಕು ಜ್ವರ. ವರ್ಷಕ್ಕೆ ಐದಾರು ಬೆಳೆ. ಊರಿನವರಿಗೆ ಇದೊಂದು ತಮಾಷೆಯಾಯಿತು. ಯಾರ ಮನೆಯಲ್ಲಿ ಹುಳು ಕೂತರೂ “ಯಾರಿಗಪ್ಪಾ?” ಎಂದು ಕೇಳಿ ನಗುವುದು. ಕದಿರಮ್ಮ ನಗುತ್ತಿರಲಿಲ್ಲ. ಬಾವಿಕಟ್ಟೆಯ ಮೇಲೆ ನನ್ನ ಕೈ ಹಿಡಿದು, “ಇವತ್ತೂ ಕೇಳ್ದ ಕಣೇ, ಯಾರಿಗೆ ಅಂತ,” ಎಂದು ಹೇಳುವಳು. ಮುಖ ಅರಳಿರುತ್ತಿತ್ತು. ಎದುರಿಗೆ ಕೂತ ನನಗೆ ಸಂತೋಷಪಡಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ. ಇಡೀ ಜೀವಮಾನ ಅನ್ನ ಹಾಕಿದವಳಿಗೆ ಸಿಕ್ಕಿದ್ದು ಇದೊಂದು ಮಾತು, ಅದೂ ಮೂರಕ್ಷರದ್ದು. ಅವಳಿಗೆ ಅದು ಸಾಕಾಗಿತ್ತು ಎನ್ನುವುದೇ ನನಗೆ ಸಹಿಸಲಾಗುತ್ತಿರಲಿಲ್ಲ.

ಎಂಬತ್ತೇಳರ ಮಳೆಗಾಲದಲ್ಲಿ, ಹುಳು ನಾಲ್ಕನೇ ಜ್ವರ ಎದ್ದು ದೊಡ್ಡ ಹಸಿವಿನಲ್ಲಿದ್ದಾಗ, ಒಂದು ಬೆಳಿಗ್ಗೆ ಅವಳು ಮತ್ತೆ ಕೂಗಿದಳು. “ಯಂಕಟ್ರಮಣ, ಜ್ವರ ಕಣೋ.”

“ಯಾರಿಗೆ?” ಎಂದ ಅವನು, ಸೊಪ್ಪಿನ ಮೂಟೆ ತಲೆಯ ಮೇಲಿದ್ದ ಹಾಗೆಯೇ.

“ನಂಗೆ.”

ಅವನು ಮೂಟೆಯನ್ನು ಅಂಗಳದ ಕೆಸರಿಗೇ ಎಸೆದ. ಒದ್ದೆ ಸೊಪ್ಪು ಹುಳುವಿಗೆ ಆಗದು ಎನ್ನುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಅಕ್ಕನನ್ನು ಎತ್ತಿಕೊಂಡು ಹೊರಗೆ ಬಂದ, ಪರದೆ ಹರಿಯಿತು. ಗಾಡಿ ಕಟ್ಟಿ ರಸ್ತೆಗೆ, ಅಲ್ಲಿಂದ ಕೋಲಾರದ ಆಸ್ಪತ್ರೆಗೆ. ಮನೆಯಲ್ಲಿ ಆಂಜಿನಮ್ಮ ಒಬ್ಬಳೇ ಸೊಪ್ಪು ತಂದು ಪೂರೈಸಲಾಗದೆ, ಹರಿದ ಪರದೆಯಲ್ಲಿ ಊಜಿ ನುಗ್ಗಿ, ಆ ಬೆಳೆ ಪೂರ್ತಿ ಹೋಯಿತು.

ನಾನು ಆಸ್ಪತ್ರೆಗೆ ಹೋದಾಗ ವೆಂಕಟರಮಣಪ್ಪ ಗಂಜಿಯ ಬಟ್ಟಲು ಹಿಡಿದು ಮಂಚದ ಪಕ್ಕ ಕೂತಿದ್ದ. ಚಮಚದಲ್ಲಿ ತೆಗೆದು, ಊದಿ, ಅವಳ ಬಾಯಿಗೆ ಹಿಡಿಯುತ್ತಿದ್ದ. ಅವಳು ತುಟಿ ತೆರೆಯದೆ ಅವನನ್ನೇ ನೋಡುತ್ತಿದ್ದಳು.

“ಹುಳ ಉಂಡ್ವಾ?” ಎಂದಳು.

“ಉಂಡ್ವಕ್ಕ,” ಎಂದ. “ಎಲ್ಲಾ ಉಂಡ್ವು. ನೀನು ಉಣ್ಣು.”

ಆಗ ಬಾಯಿ ತೆರೆದಳು. ಎರಡು ಚಮಚ ಒಳಗೆ ಹೋಯಿತು, ಮೂರನೆಯದು ಕಟವಾಯಿಯಿಂದ ಇಳಿಯಿತು. ಅವನು ತನ್ನ ಪಂಚೆಯ ಚುಂಗಿನಲ್ಲಿ ಒರೆಸಿದ. ಅವಳು ಹೋದದ್ದು ಆ ವಾರದಲ್ಲೇ. ಹಿಪ್ಪುನೇರಳೆ ತೋಟದ ಬದುವಿನಲ್ಲಿ ಮಣ್ಣು ಮಾಡಿದರು. ಆ ಸಾಲಿನ ಗಿಡಗಳು ಈಗ ಬೇರೆಯವಕ್ಕಿಂತ ಚೆನ್ನಾಗಿವೆ ಎಂದು ಊರಿನಲ್ಲಿ ಹೇಳುತ್ತಾರೆ. ಅದು ಯಾಕೆ ಎಂದು ಯಾವ ಮಗುವೂ ನನ್ನನ್ನು ತರಗತಿಯಲ್ಲಿ ಕೇಳದಿದ್ದರೆ ಸಾಕು.

ಮುಂದಿನ ವರ್ಷ ಅವರು ಮತ್ತೆ ಹುಳು ಇಳಿಸಿದರು. ಈಗ ಪರದೆಯ ಹಿಂದಿದ್ದವಳು ಆಂಜಿನಮ್ಮ. ನಾನು ನಮ್ಮ ಜಗಲಿಯಲ್ಲಿ ಮಕ್ಕಳ ಉತ್ತರಪತ್ರಿಕೆ ತಿದ್ದುತ್ತಿದ್ದೆ, ವೆಂಕಟರಮಣಪ್ಪ ಅಂಗಳದಲ್ಲಿ ಕುಡುಗೋಲು ಮಸೆಯುತ್ತಿದ್ದ. ಆಂಜಿನಮ್ಮ ಒಳಗಿಂದ ಕೂಗಿದಳು.

“ಜ್ವರ ಬಂದೈತೆ!”

ಮಸೆಯುವ ಸದ್ದು ನಿಂತಿತು.

“ಯಾರಿಗೆ?”

ಆಂಜಿನಮ್ಮ, ತನ್ನ ಎಂದಿನ ದನಿಯಲ್ಲದ ದನಿಯಲ್ಲಿ, “ಹುಳಕ್ಕೆ,” ಎಂದಳು.

ವೆಂಕಟರಮಣಪ್ಪ ಕುಡುಗೋಲು ಕೆಳಗಿಟ್ಟು ಎದ್ದು ಹುಳದ ಮನೆಯ ಬಾಗಿಲಿಗೆ ಹೋದ. ಪರದೆಗೆ ಮುಖವೊಡ್ಡಿ, ಚಾಪೆ ಹಾಸಿರುತ್ತಿದ್ದ ಮೂಲೆಯ ಕಡೆಗೆ ನೋಡಿದ. ಅಲ್ಲಿ ಈಗ ಖಾಲಿ ತಟ್ಟೆಗಳನ್ನು ಪೇರಿಸಿಟ್ಟಿದ್ದರು.

“ಯಾರಿಗೆ?” ಎಂದು ಅವನು ಮತ್ತೆ ಕೇಳಿದ.